ಹೀಪ್‌ಟ್ರ್ಯಾಕ್ ವಿಮರ್ಶೆ: ವಾರಗಟ್ಟಲೆ ಓಡುವ ಮಾನಿಟರ್‌ನ ಮೆಮೊರಿ ಲೀಕ್ ಹಿಡಿಯಲು ಇದೊಂದೇ ಸಾಕೇ?

ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ, ಎಪಿಎಂಸಿ ಯಾರ್ಡಿನ ದಲಾಲಿ ಮಂಡಿಗಳಲ್ಲಿ 4 ಜಿಬಿ ರ‍್ಯಾಮ್‌ನ ಹಳೇ ಸಿಸ್ಟಂಗಳು ಇನ್ನೂ ದುಡಿಯುತ್ತಿವೆ. ಉಬುಂಟು ಹಾಕಿದ ಇಂಥ ಸಿಸ್ಟಂಗಳಲ್ಲಿ ಸ್ಕ್ರೀನಿನ ಮೂಲೆಯಲ್ಲೋ ಬ್ಯಾಕ್‌ಗ್ರೌಂಡಿನಲ್ಲೋ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ತೋರಿಸುವ ಸಣ್ಣ ಮಾನಿಟರ್ ಒಂದು ಓಡುತ್ತಿರುತ್ತದೆ. ಆಗಾಗ ಕರೆಂಟ್ ಹೋಗಿ ಸಿಸ್ಟಂ ರೀಸ್ಟಾರ್ಟ್ ಆಗುವ ಕಡೆ ಅದರ ಲೀಕ್, ಅಂದರೆ ಪಡೆದ ಮೆಮೊರಿಯನ್ನು ವಾಪಸ್ ಕೊಡದೆ ಹಿಡಿದಿಟ್ಟುಕೊಳ್ಳುವುದು, ಯಾರ ಕಣ್ಣಿಗೂ ಬೀಳುವುದಿಲ್ಲ. ಒಳ್ಳೇ ಯುಪಿಎಸ್ ಕೂರಿಸಿ, ಮೆಕ್ಕೆಜೋಳದ ಆವಕ ಜೋರಿರುವ ತಿಂಗಳುಗಳಲ್ಲಿ ವಾರಗಟ್ಟಲೆ ಆಫ್ ಮಾಡದೆ ಓಡಿಸಿದಾಗ ಬಣ್ಣ ಬಯಲಾಗುತ್ತದೆ. "ಸಾರ್, ಸಿಸ್ಟಂ ಭಾಳ ಸ್ಲೋ ಆಗೇತಿ" ಎಂಬ ದೂರು ಬಂದಾಗ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಟಾಪ್ ಕಮಾಂಡ್ ತೆರೆದು ಮೆಮೊರಿ ಪ್ರಕಾರ ಸಾಲು ಹಚ್ಚಿ ನೋಡಿ. ಬ್ರೌಸರ್‌ನ ಕೆಳಗೆ, ಎರಡನೇ ಜಾಗದಲ್ಲಿ, ಮಾನಿಟರ್ ಕೂತಿದ್ದರೆ ಈ ಬರಹ ನಿಮಗೇ.

ಹೀಪ್‌ಟ್ರ್ಯಾಕ್ ಮಿಲಿಯಾನ್ ವೋಲ್ಫ್ ಬರೆದು 2014ರ ಕೊನೆಗೆ ಹೊರತಂದ ಮುಕ್ತ ತಂತ್ರಾಂಶ. ಈಗ ಕೆಡಿಇ ಬಳಗದಲ್ಲಿದೆ. ದುಡ್ಡು ಕೊಡಬೇಕಿಲ್ಲ. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ, ನಿಲ್ಲದೆ ಓಡುವ ಪ್ರೋಗ್ರಾಂನ ಲೀಕ್ ಹುಡುಕಲು ಮೊದಲು ಕೈಗೆತ್ತಿಕೊಳ್ಳಬೇಕಾದ ಸಾಧನ ಇದೇ. ಕಾರಣ ಸರಳ. ಲೀಕ್ ಹುಡುಕುವ ಬಹಳಷ್ಟು ಸಾಧನಗಳು ಪ್ರೋಗ್ರಾಂ ಮುಗಿಯುವಾಗ ಯಾವ ಮೆಮೊರಿ ಕಳೆದುಹೋಗಿದೆ ಎಂದು ಕೇಳುತ್ತವೆ. ಮುಗಿಯುವ ಮಾತೇ ಇಲ್ಲದ ಮಾನಿಟರ್‌ಗೆ ಕೇಳಬೇಕಾದದ್ದು ಬೇರೆ: ಯಾವ ಮೆಮೊರಿ ಬೆಳೆಯುತ್ತಾ ಹೋಗುತ್ತಿದೆ, ಅದನ್ನು ಬೆಳೆಸುತ್ತಿರುವ ಫಂಕ್ಷನ್ ಯಾವುದು? ಹೀಪ್‌ಟ್ರ್ಯಾಕ್ ಉತ್ತರ ಕೊಡುವುದು ಈ ಎರಡನೇ ಪ್ರಶ್ನೆಗೆ. ಅದು ಕುರುಡಾಗುವ ಜಾಗಗಳೂ ಇವೆ, ಅವನ್ನು ತಿಳಿಯದೆ ನೆಚ್ಚಿಕೊಂಡರೆ ದಿನ ಹಾಳು.

ಇನ್‌ಸ್ಟಾಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಆಪ್ಟ್ ಮೂಲಕ ಎರಡು ಪ್ಯಾಕೇಜ್ ಸಿಗುತ್ತವೆ: ರೆಕಾರ್ಡ್ ಮಾಡುವ ಹೀಪ್‌ಟ್ರ್ಯಾಕ್ ಒಂದು, ಗ್ರಾಫ್ ತೋರಿಸುವ ಹೀಪ್‌ಟ್ರ್ಯಾಕ್ ಜಿಯುಐ ಇನ್ನೊಂದು. ಮಂಡಿಯ ಸಿಸ್ಟಂನಲ್ಲಿ ಮೊದಲನೆಯದಷ್ಟೇ ಸಾಕು. ಫಂಕ್ಷನ್ ಹೆಸರುಗಳನ್ನು ರೆಕಾರ್ಡ್ ಮಾಡುವಾಗಲೇ ಬಿಡಿಸಿ ಫೈಲಿನಲ್ಲಿ ಬರೆದಿಡುವುದರಿಂದ, ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ತೆರೆಯಬಹುದು. ಲ್ಯಾಪ್‌ಟಾಪ್‌ನಲ್ಲಿರುವ ಆವೃತ್ತಿ ಅಲ್ಲಿಯದಕ್ಕಿಂತ ಹಳತಾಗಿರದಂತೆ ನೋಡಿಕೊಳ್ಳಿ. ಇನ್ನೊಂದು ಮುಖ್ಯ ಸಂಗತಿ ಡೀಬಗ್ ಮಾಹಿತಿ. ಮಾನಿಟರ್ ಅನ್ನು ನೀವೇ ಕಂಪೈಲ್ ಮಾಡುವಂತಿದ್ದರೆ 'ಹೈಫನ್ ಜಿ' ಹಾಕಿಯೇ ಮಾಡಿ. ಇಲ್ಲವಾದರೆ ಪಟ್ಟಿಯ ತುಂಬ ಹೆಸರು ಗೊತ್ತಾಗದ ಫಂಕ್ಷನ್‌ಗಳೇ ಕಾಣುತ್ತವೆ, ಎಷ್ಟು ಸೋರಿತು ಎಂಬುದು ತಿಳಿದರೂ ಎಲ್ಲಿ ಎಂಬುದು ತಿಳಿಯುವುದಿಲ್ಲ.

ಹೀಪ್‌ಟ್ರ್ಯಾಕ್ ಮುಟ್ಟುವ ಮೊದಲು ಲೀಕ್ ನಿಜಕ್ಕೂ ಇದೆಯೇ ಎಂದು ಅಳೆದು ನೋಡಬೇಕು. ಬಹಳ ಜನ ಟಾಪ್‌ನಲ್ಲಿ 'ವರ್ಟ್' ಕಾಲಂ ನೋಡಿ ಗಾಬರಿಯಾಗುತ್ತಾರೆ. ಅದು ಬರೀ ಕಾಯ್ದಿರಿಸಿದ ವಿಳಾಸಗಳ ಲೆಕ್ಕ. ನೋಡಬೇಕಾದದ್ದು ಓಡುತ್ತಿರುವ ಪ್ರೋಗ್ರಾಂಗಳ (ಪ್ರೊಸೆಸ್‌ಗಳ) ವಿವರ ಸಿಗುವ ಪ್ರಾಕ್ ಡೈರೆಕ್ಟರಿಯೊಳಗೆ ಆ ಪ್ರೊಸೆಸ್‌ನ ಸ್ಟೇಟಸ್ ಫೈಲಿನಲ್ಲಿರುವ 'ಆರ್‌ಎಸ್‌ಎಸ್ ಅನಾನ್' ಸಾಲು. ಲೈಬ್ರರಿ ಫೈಲುಗಳ ಪಾಲನ್ನು ಬಿಟ್ಟು, ಪ್ರೋಗ್ರಾಂ ತಾನೇ ಕೇಳಿ ಪಡೆದು ರ‍್ಯಾಮ್‌ನಲ್ಲಿ ಹಿಡಿದಿರುವ ಮೆಮೊರಿ ಎಷ್ಟು ಎಂಬುದು ಅಲ್ಲಿರುತ್ತದೆ. ಗೊತ್ತಾದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ 10 ನಿಮಿಷಕ್ಕೊಮ್ಮೆ ಆ ಸಾಲನ್ನು ಸಮಯದ ಜೊತೆ ಒಂದು ಫೈಲಿಗೆ ಸೇರಿಸುತ್ತಾ ಹೋದರೆ ಒಂದು ದಿನಕ್ಕೆ 144 ಸಾಲು ಆಗುತ್ತವೆ. ಮೊದಲ ಒಂದು ಗಂಟೆಯ ಸಾಲುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಫಾಂಟ್, ಐಕಾನ್, ಕ್ಯಾಶ್ ಎಲ್ಲ ತುಂಬಿಕೊಳ್ಳುವ ಹೊತ್ತು ಅದು. ಆಮೇಲೆಯೂ ಸಂಖ್ಯೆ ಒಂದೇ ಸಮನೆ ಏರುತ್ತಿದ್ದರೆ ಲೀಕ್. ಏರಿ ಇಳಿದು, ಏರಿ ಇಳಿದು, ಒಂದು ಮಿತಿಯೊಳಗೇ ಇದ್ದರೆ ಚಿಂತೆಯಿಲ್ಲ.

ಸಣ್ಣ ಲೀಕ್ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಒಂದು ಲೆಕ್ಕ. ಪ್ರೊಸೆಸ್ ಪಟ್ಟಿ ತೋರಿಸುವ ಮಾನಿಟರ್ ಪ್ರತಿ ಪ್ರೊಸೆಸ್‌ನ ಹೆಸರನ್ನೂ ಸ್ಟ್ರ್‌ಡಪ್ ಫಂಕ್ಷನ್‌ನಿಂದ ನಕಲು ಮಾಡಿ, ಆ ಮೆಮೊರಿಯನ್ನು ಫ್ರೀ ಮಾಡುವುದನ್ನು (ವಾಪಸ್ ಕೊಡುವುದನ್ನು) ಮರೆತಿದೆ ಎಂದುಕೊಳ್ಳಿ. ಓಎಸ್‌ನ ತಿರುಳಾದ ಕರ್ನಲ್ ಇಡುವ ಹೆಸರು ಹೆಚ್ಚೆಂದರೆ 15 ಅಕ್ಷರ, ಕೊನೆಯ ಸೊನ್ನೆ ಸೇರಿ 16 ಬೈಟ್. ಆದರೆ 64 ಬಿಟ್ ಲಿನಕ್ಸ್‌ನಲ್ಲಿ ಸಿ ಭಾಷೆಯ ಮೂಲ ಲೈಬ್ರರಿ ಗ್ಲಿಬ್‌ಸಿಯಲ್ಲಿ ಮೆಮೊರಿ ಕೊಡುವ ಮ್ಯಾಲಕ್ ಎಷ್ಟೇ ಕಡಿಮೆ ಕೇಳಿದರೂ 32 ಬೈಟ್‌ಗಿಂತ ಕಮ್ಮಿ ತುಂಡು ಕೊಡುವುದಿಲ್ಲ. 200 ಪ್ರೊಸೆಸ್ ಇದ್ದರೆ ಒಂದು ಸುತ್ತಿಗೆ (ಅಂಕಿಗಳ ಒಂದು ಅಪ್‌ಡೇಟ್‌ಗೆ) 6,400 ಬೈಟ್. ಎರಡು ಸೆಕೆಂಡಿಗೊಂದು ಸುತ್ತಾದರೆ ದಿನಕ್ಕೆ 43,200 ಸುತ್ತು, ಹತ್ತಿರ ಹತ್ತಿರ 264 ಎಂಬಿ. ಒಂದೇ ವಾರದಲ್ಲಿ 1.8 ಜಿಬಿ. 4 ಜಿಬಿ ಸಿಸ್ಟಂಗೆ ಅಷ್ಟು ಸಾಕು, ಸ್ವಾಪ್, ಅಂದರೆ ಮೆಮೊರಿ ಸಾಲದೆ ಡಿಸ್ಕ್ ಬಳಸುವುದು, ಶುರುವಾಗಿ ಹಾರ್ಡ್‌ಡಿಸ್ಕ್ ಗುರುಗುಟ್ಟತೊಡಗುತ್ತದೆ. ಹೀಪ್‌ಟ್ರ್ಯಾಕ್ ಓದುವಾಗಲೂ ಇದು ನೆನಪಿರಲಿ: ಅದು ಪ್ರೋಗ್ರಾಂ ಕೇಳಿದ 16 ಬೈಟನ್ನು ಎಣಿಸುತ್ತದೆ, ಮ್ಯಾಲಕ್ ಕೊಟ್ಟ 32 ಬೈಟನ್ನಲ್ಲ. ಚಿಕ್ಕ ಚಿಕ್ಕ ತುಂಡುಗಳ ಲೀಕ್ ಆದಾಗ ಹೀಪ್‌ಟ್ರ್ಯಾಕ್‌ನ ಸಂಖ್ಯೆ ಸ್ಟೇಟಸ್ ಫೈಲಿನ ಸಂಖ್ಯೆಗಿಂತ ಕಡಿಮೆ ಬರುವುದು ಸಹಜ. ಸಾಧನ ಸುಳ್ಳು ಹೇಳುತ್ತಿದೆ ಎಂದುಕೊಳ್ಳಬೇಡಿ.

ದಿನಗಟ್ಟಲೆ ಕಾಯುವ ಬದಲು ಲೀಕ್‌ನ ವೇಗ ಹೆಚ್ಚಿಸಬಹುದು. ಮಾನಿಟರ್‌ನ ಕಾನ್ಫಿಗ್‌ನಲ್ಲಿ ಅಪ್‌ಡೇಟ್ ಅವಧಿಯನ್ನು 2 ಸೆಕೆಂಡಿನಿಂದ 0.1 ಸೆಕೆಂಡಿಗೆ ಇಳಿಸಿದರೆ 24 ಗಂಟೆಯ ಸುತ್ತುಗಳು 72 ನಿಮಿಷದಲ್ಲಿ ಮುಗಿಯುತ್ತವೆ. ಮೆಮೊರಿಯೂ 20 ಪಟ್ಟು ವೇಗವಾಗಿ ಏರಿದರೆ ತಪ್ಪು ಪ್ರತಿ ಸುತ್ತಿನ ಕೋಡಿನಲ್ಲಿದೆ. ಏರುವ ವೇಗ ಬದಲಾಗದಿದ್ದರೆ ಲೀಕ್‌ಗೂ ಸುತ್ತಿಗೂ ಸಂಬಂಧವಿಲ್ಲ, ಯಾವುದೋ ಘಟನೆಗೆ ಸಂಬಂಧವಿದೆ: ಹೊಸ ಪ್ರೊಸೆಸ್ ಹುಟ್ಟುವುದು, ವೈಫೈ ಕಟ್ಟಾಗಿ ಸೇರುವುದು, ಪೆನ್‌ಡ್ರೈವ್ ಚುಚ್ಚಿ ತೆಗೆಯುವುದು. ಆಗ ಒಂದೊಂದೇ ಘಟನೆಯನ್ನು ಬೇಕೆಂದೇ ಸಾವಿರ ಸಲ ಮಾಡಿಸಿ ನೋಡಬೇಕು. ಶೆಲ್‌ನಲ್ಲಿ ಒಂದು ಲೂಪ್ ಬರೆದು, ಅರ್ಧ ಸೆಕೆಂಡು ಮಲಗಿ ಏಳುವ ಸ್ಲೀಪ್ ಕಮಾಂಡನ್ನು ನೂರು ನೂರರಂತೆ ಬ್ಯಾಕ್‌ಗ್ರೌಂಡಿಗೆ ಬಿಡುತ್ತಾ ಒಟ್ಟು 10,000 ಪ್ರೊಸೆಸ್ ಹುಟ್ಟಿಸಬಹುದು. ತೀರಾ ಬೇಗ ಸಾಯುವ ಪ್ರೊಸೆಸ್ ಮಾನಿಟರ್‌ನ ಕಣ್ಣಿಗೇ ಬೀಳುವುದಿಲ್ಲ, ಅದಕ್ಕೇ ಈ ಅರ್ಧ ಸೆಕೆಂಡು. ಸಾಧನ ಹಿಡಿಯುವ ಮೊದಲೇ ಈ ಒಂದು ಪರೀಕ್ಷೆಯಿಂದ ಹುಡುಕುವ ಜಾಗ ಅರ್ಧಕ್ಕರ್ಧ ಕಿರಿದಾಗುತ್ತದೆ.

ಈಗ ರೆಕಾರ್ಡಿಂಗ್. ಎರಡು ದಾರಿಗಳಿವೆ. ಹೀಪ್‌ಟ್ರ್ಯಾಕ್ ಎಂದು ಬರೆದು ಮುಂದೆ ಮಾನಿಟರ್‌ನ ಕಮಾಂಡ್ ಕೊಟ್ಟು ಮೊದಲಿನಿಂದಲೇ ಅದರೊಳಗೆ ಓಡಿಸುವುದು ಒಂದು. 'ಹೈಫನ್ ಪಿ' ಜೊತೆ ಪ್ರೊಸೆಸ್ ನಂಬರ್ ಕೊಟ್ಟು ಈಗಾಗಲೇ ಓಡುತ್ತಿರುವುದಕ್ಕೆ ಅಂಟಿಸುವುದು ಇನ್ನೊಂದು. ಎರಡನೆಯದು ಕೇಳಲು ಚೆಂದ, ಮೂರು ವಾರದಿಂದ ಓಡುತ್ತಿರುವ ಮಾನಿಟರ್ ನಿಲ್ಲಿಸದೆ ಒಳಗೆ ಇಣುಕಬಹುದು. ಆದರೆ ಇದು ಜಿಡಿಬಿ ಎಂಬ ಡೀಬಗರ್ ಬಳಸಿ ತನ್ನ ಲೈಬ್ರರಿಯನ್ನು ಓಡುವ ಪ್ರೋಗ್ರಾಂನೊಳಗೆ ತೂರಿಸುತ್ತದೆ. ಹೀಗೆ ಅಂಟಿಸುವುದು ಸ್ಥಿರವಲ್ಲ, ಬಿಡಿಸಿದ ಮೇಲೆ ಪ್ರೋಗ್ರಾಂ ಕ್ರ್ಯಾಶ್ ಆಗಬಹುದು ಎಂದು ಹೀಪ್‌ಟ್ರ್ಯಾಕ್‌ನ ಸಹಾಯ ಪುಟವೇ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ನಂಬಿ. ಅಲ್ಲದೆ ಅಂಟಿಸುವ ಮೊದಲು ಪಡೆದ ಮೆಮೊರಿಯ ಲೆಕ್ಕ ಅದಕ್ಕೆ ಸಿಗುವುದಿಲ್ಲ, ಅಲ್ಲಿಂದ ಮುಂದಿನದ್ದು ಮಾತ್ರ. ಉಬುಂಟುವಿನಲ್ಲಿ ಒಂದು ಪ್ರೊಸೆಸ್ ಇನ್ನೊಂದರೊಳಗೆ ಕೈಹಾಕದಂತೆ ತಡೆಯುವ ಪಿಟ್ರೇಸ್ ನಿರ್ಬಂಧ ಇರುವುದರಿಂದ ಸೂಡೊ ಕೂಡ ಬೇಕು. ಲ್ಯಾಬ್ ಸಿಸ್ಟಂನಲ್ಲಿ ಅಂಟಿಸಿ ನೋಡಿ, ತಪ್ಪಿಲ್ಲ. ಬಿಲ್ಲಿಂಗ್ ನಡೆಯುತ್ತಿರುವ ಹೊತ್ತಿನಲ್ಲಿ ಮಂಡಿಯ ಸಿಸ್ಟಂನಲ್ಲಿ ಬೇಡ.

ಮೊದಲಿನಿಂದ ಓಡಿಸುವಾಗ ಎಡವುವ ಜಾಗ ಎರಡು. ಮಾನಿಟರ್ ಶುರುವಾದ ಕೂಡಲೇ ಫೋರ್ಕ್ ಆಗಿ (ತನ್ನದೇ ನಕಲಿನಂಥ ಮಗು ಪ್ರೊಸೆಸ್ ಹುಟ್ಟಿಸಿ) ಬ್ಯಾಕ್‌ಗ್ರೌಂಡಿಗೆ ಹೋಗುವ ಬಗೆಯದ್ದಾದರೆ ಹೀಪ್‌ಟ್ರ್ಯಾಕ್ ಮಗು ಪ್ರೊಸೆಸ್ಸನ್ನು ಹಿಂಬಾಲಿಸುವುದಿಲ್ಲ. ಅರ್ಧ ಸೆಕೆಂಡಿನ ಖಾಲಿ ರೆಕಾರ್ಡ್ ಸಿಗುತ್ತದೆ. ಫೋರ್‌ಗ್ರೌಂಡಿನಲ್ಲಿ ಓಡುವ ಆಯ್ಕೆ ಹಾಕಿಯೇ ಶುರು ಮಾಡಬೇಕು. ಎರಡನೆಯದು, ಸರ್ವೀಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಂಡಿ ಮೂಲಕ ಸರ್ವೀಸ್ ಆಗಿ ಓಡಿಸಿದರೆ ಕೆಲಸದ ಡೈರೆಕ್ಟರಿ ರೂಟ್ ಆಗಿರುತ್ತದೆ, ಸಾಮಾನ್ಯ ಯೂಸರ್‌ಗೆ ಅಲ್ಲಿ ಫೈಲ್ ಬರೆಯಲು ಬಿಡುವುದಿಲ್ಲ. 'ಹೈಫನ್ ಒ' ಆಯ್ಕೆಯಿಂದ ಬರೆಯಲು ಅನುಮತಿಯಿರುವ ಜಾಗ ತೋರಿಸಿ. ಡಿಸ್ಕಿನಲ್ಲಿ ಜಾಗ ಇದೆಯೇ ಎಂದೂ ನೋಡಿಕೊಳ್ಳಿ, ಪ್ರತಿ ಮ್ಯಾಲಕ್ ಮತ್ತು ಫ್ರೀ ಬರೆದಿಡುವ ಫೈಲ್ ಅದು.

ಒಂದೇ ರೆಕಾರ್ಡ್ ಮಾಡಿ ತೀರ್ಮಾನಕ್ಕೆ ಬರಬೇಡಿ. ಹೀಪ್‌ಟ್ರ್ಯಾಕ್‌ನ ದೊಡ್ಡ ದೌರ್ಬಲ್ಯ ಇಲ್ಲಿದೆ: ರೆಕಾರ್ಡ್ ನಿಂತ ಗಳಿಗೆಯಲ್ಲಿ ಫ್ರೀ ಆಗದೆ ಉಳಿದದ್ದನ್ನೆಲ್ಲ ಅದು ಲೀಕ್ ಪಟ್ಟಿಗೆ ಹಾಕುತ್ತದೆ. ಕಾನ್ಫಿಗ್ ಫೈಲ್ ಓದಿ ಇಟ್ಟುಕೊಂಡದ್ದು, ಫಾಂಟ್ ಕ್ಯಾಶ್, ಗ್ರಾಫ್‌ಗೆ ಬೇಕಾದ ಹಳೇ 60 ಸೆಕೆಂಡಿನ ಅಂಕಿಗಳು, ಎಲ್ಲವೂ ಅಲ್ಲಿರುತ್ತವೆ. ನಿಜವಾದ ಲೀಕ್ ಐದನೇ ಸಾಲಿನಲ್ಲಿದ್ದು, ಮೊದಲ ನಾಲ್ಕು ನಿರಪರಾಧಿಗಳಾಗಿರಬಹುದು. ಹಾಗಾಗಿ ಒಂದೇ ಕಾನ್ಫಿಗ್‌ನಲ್ಲಿ, 0.1 ಸೆಕೆಂಡ್ ಅವಧಿಯಲ್ಲಿ, 10 ನಿಮಿಷದ ಒಂದು ರೆಕಾರ್ಡ್, 40 ನಿಮಿಷದ ಇನ್ನೊಂದು ರೆಕಾರ್ಡ್ ಮಾಡಿ. ಜಿಯುಐ ತೆರೆದಾಗ ಎರಡನೇ ಫೈಲನ್ನು ಹೋಲಿಕೆಗೆ ಕೊಡಲು ಜಾಗವಿದೆ. ಕಮಾಂಡ್ ಲೈನಿನ ಹೀಪ್‌ಟ್ರ್ಯಾಕ್ ಪ್ರಿಂಟ್‌ನಲ್ಲಿ 'ಹೈಫನ್ ಡಿ' ಅದೇ ಕೆಲಸ ಮಾಡುತ್ತದೆ. ಎರಡರಲ್ಲೂ ಸಮನಾಗಿರುವುದು ಶುರುವಿನ ಖರ್ಚು. ಕಳೆದರೆ ಸೊನ್ನೆ, ಕಣ್ಣಿಂದ ಮರೆ. ಉಳಿದದ್ದೇ ನಿಮ್ಮ ಕಳ್ಳ.

ಹೋಲಿಕೆಯಲ್ಲಿ ಉಳಿದ ಬೈಟುಗಳನ್ನು ಒಂದು ತುಂಡಿನ ಗಾತ್ರದಿಂದ ಭಾಗಿಸಿ ನೋಡುವುದು ಈ ಸಾಧನದ ಜೊತೆ ಕಲಿಯಬೇಕಾದ ಅಭ್ಯಾಸ. 40 ನಿಮಿಷದಲ್ಲಿ 24,000 ಸುತ್ತು, 10 ನಿಮಿಷದಲ್ಲಿ 6,000, ವ್ಯತ್ಯಾಸ 18,000. ಭಾಗಾಕಾರ 18,000ದ ಆಸುಪಾಸು ಬಂದರೆ ಪ್ರತಿ ಸುತ್ತಿಗೆ ಒಂದು ತುಂಡು ಸೋರುತ್ತಿದೆ. ನಾಲ್ಕು ಕೋರ್ ಸಿಸ್ಟಂನಲ್ಲಿ 72,000 ಬಂದರೆ ಸಿಪಿಯು ಕೋರ್‌ಗಳ ಲೂಪಿನೊಳಗೆ ಹುಡುಕಿ. ಲಕ್ಷಗಟ್ಟಲೆ ಬಂದರೆ ಪ್ರೊಸೆಸ್ ಪಟ್ಟಿಯ ಲೂಪ್. ಕೋಡ್ ಓದುವ ಮೊದಲೇ ಯಾವ ಲೂಪ್ ಎಂಬುದು ಅಂಕಿಯಿಂದಲೇ ಗೊತ್ತಾಗುತ್ತದೆ.

ಹೀಪ್‌ಟ್ರ್ಯಾಕ್ ಏಕೆ ಲೀಕ್ ಹುಡುಕುವ ಇನ್ನೊಂದು ಸಾಧನ ವಾಲ್‌ಗ್ರಿಂಡ್‌ಗಿಂತ ಮುಂದೆ ನಿಲ್ಲುತ್ತದೆ ಎಂದು ತೋರಿಸಲು ಪ್ರೊಸೆಸ್ ಟೇಬಲ್‌ನ ಉದಾಹರಣೆಗಿಂತ ಒಳ್ಳೆಯದಿಲ್ಲ. ಪ್ರತಿ ಪ್ರೊಸೆಸ್‌ನ ಸಿಪಿಯು ಶೇಕಡಾವಾರು ಲೆಕ್ಕ ಹಾಕಲು ಹಿಂದಿನ ಸುತ್ತಿನ ಅಂಕಿ ಬೇಕು, ಅದಕ್ಕೆ ಮಾನಿಟರ್ ಪಿಐಡಿಯನ್ನು (ಪ್ರೊಸೆಸ್ ನಂಬರ್) ಕೀಲಿಯಾಗಿಟ್ಟು ಹ್ಯಾಶ್ ಟೇಬಲ್ ಎಂಬ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಹೊಸ ಪಿಐಡಿ ಕಂಡರೆ ನಮೂದು ಸೇರುತ್ತದೆ. ಪ್ರೊಸೆಸ್ ಸತ್ತಾಗ ನಮೂದು ತೆಗೆಯುವ ಕೋಡ್ ಯಾರೂ ಬರೆದಿಲ್ಲ ಎಂದುಕೊಳ್ಳಿ. ಮಂಡಿಯ ಖಾತೆ ಪುಸ್ತಕದಲ್ಲಿ ಪ್ರತಿ ರೈತನ ಹೆಸರಿಗೂ ಪುಟ ತೆಗೆದು, ಲೆಕ್ಕ ಚುಕ್ತಾ ಆದ ಮೇಲೂ ಪುಟ ಮುಚ್ಚದಿದ್ದ ಹಾಗೆ. ಟೇಬಲ್‌ನಿಂದ ಆ ನಮೂದಿಗೆ ಪಾಯಿಂಟರ್ ಇದ್ದೇ ಇರುವುದರಿಂದ ವಾಲ್‌ಗ್ರಿಂಡ್ ಅದನ್ನು ಇನ್ನೂ ಕೈಗೆ ಸಿಗುವ ಮೆಮೊರಿ ಎಂದೇ ಗುರುತಿಸುತ್ತದೆ, ಮಾಮೂಲಿ ವರದಿಯಲ್ಲಿ ವಿವರ ತೋರಿಸುವುದೂ ಇಲ್ಲ. ಕಳೆದುಹೋದದ್ದು ಸೊನ್ನೆ ಎಂಬ ಒಳ್ಳೇ ವರದಿ ಕೈಯಲ್ಲಿರುತ್ತದೆ, ಸಿಸ್ಟಂ ಮಾತ್ರ ಮುಳುಗುತ್ತಿರುತ್ತದೆ.

ಈ ತಪ್ಪು ಹಳೇ ಸಿಸ್ಟಂಗಳಲ್ಲಿ ಬಚ್ಚಿಟ್ಟುಕೊಂಡದ್ದಕ್ಕೂ ಕಾರಣವಿದೆ. ಮೊದಲು ಪಿಐಡಿಯ ಮಿತಿ 32,768 ಇರುತ್ತಿತ್ತು. ಅಷ್ಟಾದ ಮೇಲೆ ಹಳೇ ಸಂಖ್ಯೆಗಳೇ ಮತ್ತೆ ಬರುತ್ತಿದ್ದವು. ನಮೂದಿಗೆ 400 ಬೈಟ್ ಎಂದಿಟ್ಟುಕೊಂಡರೂ ಟೇಬಲ್ 12.5 ಎಂಬಿಗೆ ನಿಂತುಬಿಡುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 2019ರಲ್ಲಿ ಬಂದ ಸಿಸ್ಟಂಡಿ 243ನೇ ಆವೃತ್ತಿ 64 ಬಿಟ್ ಸಿಸ್ಟಂಗಳಲ್ಲಿ ಮಿತಿಯನ್ನು 41,94,304ಕ್ಕೆ ಏರಿಸಿತು. ಅದೇ ಕೋಡ್, ಅದೇ 400 ಬೈಟ್, ಈಗ 1,600 ಎಂಬಿವರೆಗೆ ಬೆಳೆಯಬಲ್ಲದು. ಓಎಸ್ ಅಪ್‌ಗ್ರೇಡ್ ಆದ ಮೇಲೆ ಮಾನಿಟರ್ ಲೀಕ್ ಆಗತೊಡಗಿತು ಎಂಬ ದೂರಿನ ಹಿಂದೆ ಈ ಕಾರಣವಿರುವ ಸಾಧ್ಯತೆಯನ್ನು ಮೊದಲು ನೋಡಿ. ಮಕ್ಕಳು ದಿನವಿಡೀ ಕಂಪೈಲ್ ಮಾಡುವ ಲ್ಯಾಬ್‌ನಲ್ಲಿ ಪ್ರತಿ ಮೇಕ್ ಕಮಾಂಡ್ ನೂರಾರು ಪ್ರೊಸೆಸ್ ಹುಟ್ಟಿಸುತ್ತದೆ, ಹಾಗಾಗಿ ಅಲ್ಲಿ ಬೇಗ ಕಾಣುತ್ತದೆ. ಒಂದೇ ಬಿಲ್ಲಿಂಗ್ ಪ್ರೋಗ್ರಾಂ ಓಡುವ ಮಂಡಿಯಲ್ಲಿ ತಿಂಗಳು ಕಳೆದರೂ ಕಾಣದಿರಬಹುದು.

ಹೀಪ್‌ಟ್ರ್ಯಾಕ್‌ನಲ್ಲಿ ಇದು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಮೆಮೊರಿ ಬಳಕೆಯ ಗ್ರಾಫಿನಲ್ಲಿ ಒಂದು ಬಣ್ಣದ ಪಟ್ಟೆ ನಿಧಾನವಾಗಿ ದಪ್ಪವಾಗುತ್ತಾ ಹೋಗುತ್ತದೆ. ನಡುನಡುವೆ ಒಮ್ಮೆಗೇ ಮೆಟ್ಟಿಲೇರಿದಂತೆ ಜಿಗಿದರೆ ಅದು ಹ್ಯಾಶ್ ಟೇಬಲ್ ತನ್ನ ಗಾತ್ರವನ್ನು ಇಮ್ಮಡಿ ಮಾಡಿಕೊಂಡ ಗಳಿಗೆ. ಪಟ್ಟೆಯ ಮೇಲೆ ಮೌಸ್ ಇಟ್ಟರೆ ಫಂಕ್ಷನ್ ಹೆಸರು ಬರುತ್ತದೆ. ಬಾಟಮ್ ಅಪ್ ಪಟ್ಟಿಯಲ್ಲಿ ಅದನ್ನು ಬಿಡಿಸುತ್ತಾ ಹೋದರೆ ಮ್ಯಾಲಕ್ ಕರೆದದ್ದು ಯಾರು, ಅವರನ್ನು ಕರೆದದ್ದು ಯಾರು ಎಂಬುದೆಲ್ಲ ಮೇನ್ ಫಂಕ್ಷನ್‌ವರೆಗೆ ಸಿಗುತ್ತದೆ. ಫ್ಲೇಮ್ ಗ್ರಾಫ್ ನೋಡುವವರು ಮೇಲಿನ ಆಯ್ಕೆಯನ್ನು ಲೀಕ್‌ಗೆ ಬದಲಿಸುವುದು ಮರೆಯಬಾರದು. ಒಟ್ಟು ಅಲೊಕೇಷನ್‌ಗಳ (ಮೆಮೊರಿ ಕೇಳಿದ ಸಲಗಳ) ಸಂಖ್ಯೆಯ ನೋಟದಲ್ಲೇ ಉಳಿದರೆ ತಾತ್ಕಾಲಿಕವಾಗಿ ಪದೇ ಪದೇ ಮೆಮೊರಿ ಕೇಳಿ ಸರಿಯಾಗಿ ಫ್ರೀ ಮಾಡುವ ಫಂಕ್ಷನ್‌ಗಳೇ ಅಗಲವಾಗಿ ಕಂಡು ದಾರಿ ತಪ್ಪಿಸುತ್ತವೆ.

ದುರಸ್ತಿ ಹೀಗೆ. ಪ್ರತಿ ನಮೂದಿಗೂ ಸುತ್ತಿನ ಸಂಖ್ಯೆಯ ಒಂದು ಫೀಲ್ಡ್ ಸೇರಿಸಿ. ಪ್ರಾಕ್ ಓದುವಾಗ ಕಂಡ ಪಿಐಡಿಗೆಲ್ಲ ಈಗಿನ ಸುತ್ತಿನ ಸಂಖ್ಯೆ ಬರೆಯಿರಿ. ಓದಿ ಮುಗಿದ ಮೇಲೆ ಟೇಬಲ್ ಮೇಲೆ ಒಂದು ಸುತ್ತು ಹೋಗಿ, ಹಳೇ ಸಂಖ್ಯೆ ಉಳಿದಿರುವ ನಮೂದುಗಳನ್ನು ತೆಗೆದು, ಒಳಗಿನ ಸ್ಟ್ರಿಂಗ್‌ಗಳ ಸಮೇತ ಫ್ರೀ ಮಾಡಿ. ನಮೂದನ್ನಷ್ಟೇ ಫ್ರೀ ಮಾಡಿ ಒಳಗಿನ ಹೆಸರು, ಕಮಾಂಡ್ ಲೈನ್ ಬಿಟ್ಟರೆ ಲೀಕ್ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ; ಅರ್ಧಂಬರ್ಧ ವಾಸಿಯಾದ ಇಂಥ ಲೀಕ್ ಆಮೇಲೆ ಹಿಡಿಯುವುದು ಇನ್ನೂ ಕಷ್ಟ. ಜೊತೆಗೆ ಸ್ಟ್ಯಾಟ್ ಫೈಲಿನ 22ನೇ ಫೀಲ್ಡ್, ಅಂದರೆ ಪ್ರೊಸೆಸ್ ಶುರುವಾದ ಸಮಯ, ಇದನ್ನೂ ಹೋಲಿಸಿ. ಅದೇ ಪಿಐಡಿ ಬೇರೊಂದು ಪ್ರೊಸೆಸ್‌ಗೆ ಸಿಕ್ಕಿದ್ದರೆ ಹಳೇ ಅಂಕಿ ಕಳೆದು ತಪ್ಪು ಶೇಕಡಾವಾರು ತೋರಿಸುವುದು ತಪ್ಪುತ್ತದೆ.

ಡೆಸ್ಕ್‌ಟಾಪ್ ಮೇಲೆ ಅಕ್ಷರ ಬಿಡಿಸುವ ಮಾನಿಟರ್‌ಗಳಲ್ಲಿ ಇನ್ನೊಂದು ಜಾಗ ನೋಡಬೇಕು. ಅಕ್ಷರ ಜೋಡಿಸುವ ಪ್ಯಾಂಗೊ ಲೈಬ್ರರಿ ಬಳಸುವ ಕೋಡ್ ಪ್ರತಿ ಸುತ್ತಿಗೂ ಹೊಸ ಲೇಔಟ್ ಸೃಷ್ಟಿಸಿ ಅನ್‌ರೆಫ್ ಮಾಡುವುದನ್ನು (ಕೈಬಿಡುವುದನ್ನು) ಮರೆತಿದ್ದರೆ, ಅಥವಾ ಫಾಂಟ್ ಡಿಸ್ಕ್ರಿಪ್ಷನ್ ಫ್ರೀ ಮಾಡದಿದ್ದರೆ, ಸುತ್ತಿಗೊಂದರಂತೆ ಸೋರುತ್ತದೆ. ಲೇಬಲ್‌ಗಳನ್ನು ಕನ್ನಡದಲ್ಲಿ ಇಟ್ಟುಕೊಂಡವರು ಇದರ ಜೊತೆ ಇನ್ನೊಂದನ್ನು ಬೆರೆಸಿಕೊಳ್ಳಬಾರದು. ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಮೊದಲ ಸಲ ತೆರೆದಾಗ ಫಾಂಟ್‌ಕಾನ್ಫಿಗ್ ಮತ್ತು ಹಾರ್ಫ್‌ಬಜ್ ಲೈಬ್ರರಿಗಳು ತಮ್ಮ ಕ್ಯಾಶ್‌ಗಳನ್ನು ತುಂಬಿಕೊಳ್ಳುತ್ತವೆ, ಮೆಮೊರಿ ಒಮ್ಮೆ ಜಿಗಿಯುತ್ತದೆ, ಆಮೇಲೆ ಸಮತಟ್ಟಾಗುತ್ತದೆ. ಅದು ಲೀಕ್ ಅಲ್ಲ, ಎರಡು ರೆಕಾರ್ಡ್‌ಗಳ ಹೋಲಿಕೆಯಲ್ಲಿ ತಾನಾಗಿಯೇ ಮಾಯವಾಗುತ್ತದೆ. ಇನ್ನು ಗ್ಲಿಬ್ ಲೈಬ್ರರಿಯ (ಇದು ಗ್ಲಿಬ್‌ಸಿ ಅಲ್ಲ) ಹಳೇ ಆವೃತ್ತಿ ಇರುವ ಸಿಸ್ಟಂನಲ್ಲಿ ಅದು ಸ್ಲೈಸ್ ಎಂಬ ತನ್ನದೇ ಗೋದಾಮಿನಿಂದ ಮೆಮೊರಿ ಹಂಚುತ್ತದೆ, ಹೀಪ್‌ಟ್ರ್ಯಾಕ್‌ಗೆ ಒಳಗಿನ ವಿವರ ಕಾಣುವುದಿಲ್ಲ. 'ಜಿ ಸ್ಲೈಸ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 'ಆಲ್ವೇಸ್ ಮ್ಯಾಲಕ್' ಎಂದು ಕೊಟ್ಟು ರೆಕಾರ್ಡ್ ಮಾಡಿ. 2023ರ 2.76ನೇ ಆವೃತ್ತಿಯಿಂದ ಈಚೆಗೆ ಆ ಗೋದಾಮನ್ನೇ ತೆಗೆದಿದ್ದಾರೆ, ಹೊಸ ಸಿಸ್ಟಂಗಳಲ್ಲಿ ಈ ತಾಪತ್ರಯವಿಲ್ಲ.

ಈಗ ಹೀಪ್‌ಟ್ರ್ಯಾಕ್ ಕೈಕೊಡುವ ಕಡೆಗಳು. ಅದರ ಗ್ರಾಫ್ ಚಪ್ಪಟೆಯಾಗಿದ್ದು ಸ್ಟೇಟಸ್ ಫೈಲಿನ ಸಂಖ್ಯೆ ಮಾತ್ರ ಏರುತ್ತಿದ್ದರೆ ಪ್ರೋಗ್ರಾಂ ಎಲ್ಲವನ್ನೂ ಸರಿಯಾಗಿ ಫ್ರೀ ಮಾಡುತ್ತಿದೆ, ಮ್ಯಾಲಕ್ ಅದನ್ನು ಕರ್ನಲ್‌ಗೆ ವಾಪಸ್ ಕೊಡುತ್ತಿಲ್ಲ ಎಂಬ ಸಾಧ್ಯತೆ ಹೆಚ್ಚು. ಸೆನ್ಸರ್‌ಗೊಂದು ಥ್ರೆಡ್ (ಪ್ರೋಗ್ರಾಂನೊಳಗೆ ಜೊತೆಯಲ್ಲೇ ಓಡುವ ಎಳೆ) ಇಟ್ಟುಕೊಳ್ಳುವ ಮಾನಿಟರ್‌ಗಳಲ್ಲಿ ಇದು ಮಾಮೂಲು. ಗ್ಲಿಬ್‌ಸಿ ಥ್ರೆಡ್‌ಗಳಿಗೆ ಬೇರೆ ಬೇರೆ ಅರೀನಾ, ಅಂದರೆ ಮೆಮೊರಿ ದಾಸ್ತಾನು, ಕೊಡುತ್ತದೆ, 64 ಬಿಟ್‌ನಲ್ಲಿ ಕೋರ್ ಒಂದಕ್ಕೆ 8ರವರೆಗೆ. ಪ್ರೊಸೆಸ್‌ನ ಮೆಮೊರಿ ನಕ್ಷೆ ತೋರಿಸುವ ಪೀಮ್ಯಾಪ್ ಕಮಾಂಡಿನಲ್ಲಿ ಜೋಡಿ ಜೋಡಿಯಾಗಿ ಕೂಡಿಸಿದರೆ 65,536 ಕೆಬಿ ಆಗುವ ಸಾಲುಗಳು ಹಲವು ಕಂಡರೆ ಅವೇ ಅರೀನಾಗಳು. 'ಮ್ಯಾಲಕ್ ಅರೀನಾ ಮ್ಯಾಕ್ಸ್' ವೇರಿಯಬಲ್‌ಗೆ 2 ಕೊಟ್ಟು ಮತ್ತೆ ಒಂದು ದಿನ ಅಳೆಯಿರಿ. ಏರಿಕೆ ನಿಂತರೆ ಕೋಡಿನಲ್ಲಿ ಹುಡುಕಬೇಕಾದ್ದೇನೂ ಇಲ್ಲ. ಕೋಡ್ ನಿಮ್ಮದೇ ಆದರೆ ಆಗಾಗ ಮ್ಯಾಲಕ್ ಟ್ರಿಮ್ ಕರೆಯುವುದೂ ಒಂದು ದಾರಿ.

ಥ್ರೆಡ್ ಸೃಷ್ಟಿಸಿ ಜಾಯಿನ್ ಅಥವಾ ಡಿಟ್ಯಾಚ್ ಮಾಡದ ತಪ್ಪೂ ಹೀಪ್‌ಟ್ರ್ಯಾಕ್‌ಗೆ ಪೂರ್ತಿ ಕಾಣದು, ಏಕೆಂದರೆ ಥ್ರೆಡ್‌ನ ಸ್ಟ್ಯಾಕ್ ಬರುವುದು ಮ್ಯಾಲಕ್‌ನಿಂದಲ್ಲ, ಕರ್ನಲ್‌ನಿಂದ ನೇರವಾಗಿ ಮೆಮೊರಿ ಪಡೆಯುವ ಎಂಮ್ಯಾಪ್‌ನಿಂದ. ಆಗ 'ವಿಎಂ ಸೈಜ್' ಸಾಲು 8 ಎಂಬಿ ಲೆಕ್ಕದಲ್ಲಿ ಏರುತ್ತಿರುತ್ತದೆ, ರ‍್ಯಾಮ್ ಬಳಕೆ ಒಂದೊಂದಕ್ಕೆ ಕೆಲವೇ ಕೆಬಿ. ಸ್ಕ್ರೀನ್ ನೋಡಿಕೊಳ್ಳುವ ಎಕ್ಸ್ ಸರ್ವರ್‌ನಲ್ಲಿ ಪಿಕ್ಸ್‌ಮ್ಯಾಪ್ (ಚಿತ್ರದ ಬಫರ್) ಸೃಷ್ಟಿಸಿ ಬಿಡುಗಡೆ ಮಾಡದಿದ್ದರಂತೂ ಮಾನಿಟರ್‌ನ ಲೆಕ್ಕ ಅಲುಗಾಡುವುದೇ ಇಲ್ಲ, ಎಕ್ಸ್‌ಆರ್ಗ್ ಪ್ರೊಸೆಸ್ ದಪ್ಪವಾಗುತ್ತದೆ. ಎಕ್ಸ್‌ರೆಸ್‌ಟಾಪ್ ಹಾಕಿ ನೋಡಿ. ಡೈರೆಕ್ಟರಿ ತೆರೆದು ಮುಚ್ಚದ ತಪ್ಪಿಗೆ ಹೀಪ್‌ಟ್ರ್ಯಾಕ್ ಬೇಕಾಗಿಯೇ ಇಲ್ಲ. ಓಪನ್‌ಡಿರ್ ಒಂದಕ್ಕೆ 32 ಕೆಬಿ ಬಫರ್ ಹಿಡಿಯುತ್ತದೆ ನಿಜ, ಆದರೆ ಫೈಲ್ ಡಿಸ್ಕ್ರಿಪ್ಟರ್‌ಗಳ ಮಾಮೂಲಿ ಮಿತಿ 1,024. ಎರಡು ಸೆಕೆಂಡಿಗೊಂದು ಸೋರಿದರೂ ಅರ್ಧ ಗಂಟೆ ಚಿಲ್ಲರೆಯಲ್ಲಿ ಮಿತಿ ಮುಗಿದು, ತೆರೆದ ಫೈಲುಗಳು ಹೆಚ್ಚಾದವು ಎಂಬ ಎರರ್ ಬರುತ್ತದೆ. ಪ್ರಾಕ್‌ನ ಎಫ್‌ಡಿ ಡೈರೆಕ್ಟರಿಯಲ್ಲಿ ಎಣಿಸಿದರೆ ಮುಗಿಯಿತು.

ಮಾನಿಟರ್ ಗೋ ಭಾಷೆಯದ್ದಾದರೆ ಹೀಪ್‌ಟ್ರ್ಯಾಕ್ ಮುಟ್ಟಬೇಡಿ, ಗೋ ತನ್ನ ಮೆಮೊರಿಯನ್ನು ತಾನೇ ನೋಡಿಕೊಳ್ಳುತ್ತದೆ, ಪೀಪ್ರೊಫ್ ಬಳಸಿ. ಪೈಥಾನ್ ಆದರೆ ಟ್ರೇಸ್‌ಮ್ಯಾಲಕ್ ಮಾಡ್ಯೂಲ್ ಸಾಲು ಸಂಖ್ಯೆ ಸಮೇತ ಹೇಳುತ್ತದೆ. ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿದ ಸಿ ಪ್ರೋಗ್ರಾಂಗೂ ಹೀಪ್‌ಟ್ರ್ಯಾಕ್ ನಡೆಯುವುದಿಲ್ಲ, ಮ್ಯಾಲಕ್ ಕರೆಗಳ ನಡುವೆ ನುಸುಳಲು ಅದಕ್ಕೆ ದಾರಿಯೇ ಇರುವುದಿಲ್ಲ.

ಪಕ್ಕದಲ್ಲಿಟ್ಟು ನೋಡಬೇಕಾದ ಎರಡು ಸಾಧನಗಳಲ್ಲಿ ವಾಲ್‌ಗ್ರಿಂಡ್ ಮೊದಲನೆಯದು. ಅದರೊಳಗೆ ಪ್ರೋಗ್ರಾಂ 20–30 ಪಟ್ಟು ನಿಧಾನವಾಗುತ್ತದೆ, ಹಳೇ ಎರಡು ಕೋರ್ ಸಿಸ್ಟಂನಲ್ಲಿ ಮಾನಿಟರ್ ತನ್ನ ಸುತ್ತುಗಳನ್ನೇ ತಪ್ಪಿಸಿಕೊಳ್ಳುತ್ತದೆ. ಹಾಗಿದ್ದೂ 2011ರ 3.7.0 ಆವೃತ್ತಿಯಲ್ಲಿ ಬಂದ ವಿಜಿಡಿಬಿ ಸೌಲಭ್ಯ ಬಹಳ ಬೆಲೆಬಾಳುವಂಥದ್ದು. ಮಾನಿಟರ್ ಓಡುತ್ತಿರುವಾಗಲೇ ಬೇರೆ ಟರ್ಮಿನಲ್‌ನಿಂದ ಲೀಕ್ ಚೆಕ್ ಕಮಾಂಡ್ ಕೊಟ್ಟು, ಅದರ ಮುಂದೆ 'ಫುಲ್', 'ರೀಚಬಲ್', 'ಇನ್‌ಕ್ರೀಸ್ಡ್' ಎಂಬ ಮೂರು ಪದ ಸೇರಿಸಿದರೆ, ಕಳೆದ ಸಲ ಕೇಳಿದ ಮೇಲೆ ಹೆಚ್ಚಾದದ್ದನ್ನು ಮಾತ್ರ, ಇನ್ನೂ ಕೈಗೆ ಸಿಗುವ ಮೆಮೊರಿಯನ್ನೂ ಸೇರಿಸಿ, ತೋರಿಸುತ್ತದೆ. ಪ್ರೊಸೆಸ್ ಟೇಬಲ್‌ನಂಥ ಲೀಕ್ ಈ ದಾರಿಯಲ್ಲೂ ಸಿಕ್ಕಿಬೀಳುತ್ತದೆ. ಫ್ರೀ ಮಾಡಿದ ಮೆಮೊರಿ ಮುಟ್ಟುವ ತಪ್ಪನ್ನೂ ಹಿಡಿಯುವುದು ವಾಲ್‌ಗ್ರಿಂಡ್‌ನ ಹೆಚ್ಚುಗಾರಿಕೆ, ಹೀಪ್‌ಟ್ರ್ಯಾಕ್‌ಗೆ ಅದು ಬಾರದು. ಮೇಲೆ ಹೇಳಿದ ದುರಸ್ತಿ ಮಾಡಿದ ಮೇಲೆ ಒಮ್ಮೆಯಾದರೂ ವಾಲ್‌ಗ್ರಿಂಡ್‌ನಲ್ಲಿ ಓಡಿಸಲೇಬೇಕು, ಅವಸರದಲ್ಲಿ ಒಂದು ಫ್ರೀ ಹೆಚ್ಚಿಗೆ ಬಿದ್ದಿದ್ದರೆ ಅಲ್ಲಿ ತಿಳಿಯುತ್ತದೆ.

ಎರಡನೆಯದು ಬಿಸಿಸಿ ಎಂಬ ಸಾಧನಗಳ ಬಳಗದ ಮೆಮ್‌ಲೀಕ್. ಇದು ಕರ್ನಲ್‌ನೊಳಗೆ ಸಣ್ಣ ಪ್ರೋಗ್ರಾಂ ಓಡಿಸುವ ಇಬಿಪಿಎಫ್ ಮೂಲಕ ಹೊರಗಿನಿಂದಲೇ ಮ್ಯಾಲಕ್ ಕರೆಗಳನ್ನು ಗಮನಿಸುತ್ತದೆ, ಪ್ರೋಗ್ರಾಂನೊಳಗೆ ಲೈಬ್ರರಿ ತೂರಿಸುವುದಿಲ್ಲ. ನಿಲ್ಲಿಸಲಾಗದ ಸಿಸ್ಟಂನಲ್ಲಿ ಹೀಪ್‌ಟ್ರ್ಯಾಕ್ ಅಂಟಿಸುವುದಕ್ಕಿಂತ ಇದು ಮೇಲು. ರೂಟ್ ಬೇಕು. ಎಷ್ಟು ಹಳೆಯ ಅಲೊಕೇಷನ್ ತೋರಿಸಬೇಕೆಂಬ 'ಹೈಫನ್ ಒ' ಮಿಲಿಸೆಕೆಂಡಿನಲ್ಲಿದ್ದು, ಹೇಳದಿದ್ದರೆ 500 ಆಗಿರುತ್ತದೆ. ಮಾನಿಟರ್‌ನ ಒಂದು ಸುತ್ತೇ ಎರಡು ಸೆಕೆಂಡಿನದ್ದಾಗಿರುವಾಗ ಅಷ್ಟಕ್ಕೆ ಬಿಟ್ಟರೆ ಸುಮ್ಮನೆ ಗದ್ದಲ. 60,000 ಕೊಡಿ. ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಜಾಡು ಹಿಡಿಯಲು ನೆರವಾಗುವ ಫ್ರೇಮ್ ಪಾಯಿಂಟರ್ ಇಲ್ಲದೆ ಕಂಪೈಲ್ ಆದ ಪ್ರೋಗ್ರಾಂನಲ್ಲಿ ಫಂಕ್ಷನ್ ಸಾಲು ತುಂಡಾಗುತ್ತದೆ. ಉಬುಂಟು 24.04ರಿಂದ ಪ್ಯಾಕೇಜ್‌ಗಳನ್ನು ಫ್ರೇಮ್ ಪಾಯಿಂಟರ್ ಸಹಿತವೇ ಕಟ್ಟುತ್ತಿರುವುದರಿಂದ ಹೊಸ ಸಿಸ್ಟಂಗಳಲ್ಲಿ ಇದರ ಉಪಯೋಗ ಹೆಚ್ಚಿದೆ.

ಲೀಕ್ ಸಿಗುವವರೆಗೆ ಕೆಲಸ ನಿಲ್ಲಬಾರದಲ್ಲ, ಅದಕ್ಕೆ ಸಿಸ್ಟಂಡಿಯ ಯೂನಿಟ್ ಫೈಲಿನಲ್ಲಿ 'ಮೆಮೊರಿ ಮ್ಯಾಕ್ಸ್' 200 ಎಂಬಿ, 'ರೀಸ್ಟಾರ್ಟ್' ಆಲ್ವೇಸ್ ಎಂದು ಹಾಕಿ. ಮಿತಿ ಮೀರಿದಾಗ ಮಾನಿಟರ್ ಮಾತ್ರ ಸತ್ತು ಹುಟ್ಟುತ್ತದೆ, ಬಿಲ್ಲಿಂಗ್ ಪ್ರೋಗ್ರಾಂಗೆ ಪೆಟ್ಟಾಗುವುದಿಲ್ಲ. ಸರ್ವೀಸ್‌ನ ಮೆಮೊರಿ ಲೆಕ್ಕದಲ್ಲಿ ಫೈಲ್ ಕ್ಯಾಶ್ ಕೂಡ ಸೇರಿರುತ್ತದೆ, ಆ ಸಂಖ್ಯೆ ನೋಡಿ ಲೀಕ್ ಎಂದು ನಿರ್ಧರಿಸಬೇಡಿ. ಇದನ್ನು ಹಾಕಿ ಮರೆತುಬಿಡುವವರೇ ಬಹಳ, ಅದು ಸರಿಯಲ್ಲ. ಪ್ರತಿ ರೀಸ್ಟಾರ್ಟ್‌ಗೂ ಅಂಕಿಗಳಲ್ಲಿ ಒಂದು ಕಂಡಿ ಬೀಳುತ್ತದೆ, ಸಿಸ್ಟಂ ಒತ್ತಡದಲ್ಲಿರುವಾಗಲೇ ಆ ಕಂಡಿ ಬೀಳುವ ಸಾಧ್ಯತೆ ಹೆಚ್ಚು.

ಹೀಪ್‌ಟ್ರ್ಯಾಕ್‌ಗೆ 5ಕ್ಕೆ 4 ಅಂಕ ಕೊಡಬಹುದು. ಅಂಟಿಸುವ ಸೌಲಭ್ಯ ಗಟ್ಟಿಯಾಗಿದ್ದು, ಅರೀನಾಗಳ ಲೆಕ್ಕವನ್ನೂ ಗ್ರಾಫಿನಲ್ಲಿ ತೋರಿಸುವಂತಿದ್ದರೆ ಪೂರ್ತಿ ಅಂಕ ಕೊಡಲು ಅಡ್ಡಿಯಿರಲಿಲ್ಲ. ದುರಸ್ತಿ ಆದ ಮೇಲೆ ಅದೇ ಕಾನ್ಫಿಗ್, ಅದೇ 10,000 ಪ್ರೊಸೆಸ್‌ನ ಲೂಪ್ ಹಾಕಿ ಹಳೇ ಮತ್ತು ಹೊಸ ರೆಕಾರ್ಡ್ ಹೋಲಿಸಿ. ಟೇಬಲ್‌ನ ಸಾಲು ಸುಮಾರು 4 ಎಂಬಿಯಷ್ಟು ಇಳಿದಿರಬೇಕು. 10,000 ನಮೂದು, ಒಂದಕ್ಕೆ 400 ಬೈಟ್. ಕಡಿಮೆ ಇಳಿದಿದ್ದರೆ ಒಳಗಿನ ಸ್ಟ್ರಿಂಗ್ ಯಾವುದೋ ಉಳಿದಿದೆ. ಅದು ಸರಿಯಾದ ಮೇಲೆ ಹೀಪ್‌ಟ್ರ್ಯಾಕ್ ತೆಗೆದು, ಅಪ್‌ಡೇಟ್ ಅವಧಿಯನ್ನು ಮತ್ತೆ 2 ಸೆಕೆಂಡಿಗೆ ತಂದು, ಕ್ರಾನ್ ಫೈಲಿನಲ್ಲಿ ಮತ್ತೆ 144 ಸಾಲು ಕೂಡುವವರೆಗೆ ಬಿಡಿ. ಎರಡನೇ ಗಂಟೆಯ ಸಾಲಿಗೂ ಕೊನೆಯ ಸಾಲಿಗೂ ವ್ಯತ್ಯಾಸ ಕೆಲವು ನೂರು ಕೆಬಿಯೊಳಗೆ ಇದ್ದರೆ ಯೂನಿಟ್ ಫೈಲಿನ ಮೆಮೊರಿ ಮಿತಿಯನ್ನು ತೆಗೆಯಬಹುದು.